ಹಗುರಕ್ಕೆ ಸಿರಿ, ಭಾರಕ್ಕೆ ಬರಿ ನೆಲ

ನಮ್ಮೂರಿಗೂ ಒಂದು ಹೆಸರಿತ್ತು ಕಣವ್ವ. ಹೆಸರೂ ಭಾರವೇ ಅಂತ ಯಾರೋ ಅಂದ್ರು, ಬಿಟ್ಟುಬಿಟ್ವಿ. ಊರ ಹೆಸರು ಬಿಟ್ಟ ಮೇಲೆ ಮನುಷ್ಯರಿಗೆ ಯಾಕೆ ಅಂತ ಅದನ್ನೂ ಬಿಟ್ವಿ. ಅದಕ್ಕೇ ನಾನು ಹೇಳೋದ್ರಲ್ಲಿ ಯಜಮಾನ ಅಂದ್ರೆ ಯಜಮಾನ, ಅತ್ತೆ ಅಂದ್ರೆ ಅತ್ತೆ, ಸೊಸೆ ಅಂದ್ರೆ ಸೊಸೆ. ನಾನು ಪಕ್ಕದ ಮನೆಯವಳು. ಯಾರ ಪಕ್ಕದ ಮನೆ ಅಂತ ಕೇಳ್ಬೇಡ. ನಡುವೆ ಒಂದು ಗೋಡೆ ಇದ್ರೆ ಸಾಕು, ನಾನು ಎಲ್ರಿಗೂ ಪಕ್ಕದ ಮನೆಯವಳೇ.

ಹಳ್ಳದ ಈ ಕಡೆ ನಾವು, ಈಚೆ ಊರೋರು. ಆ ಕಡೆ ಅವ್ರು, ಆಚೆ ಊರೋರು. ಹಳ್ಳದ ನಡುವೆ ಒಂದು ಗುಡ್ಡ. ಗುಡ್ಡದ ತಲೆ ಮೇಲೆ ಸರ್ಕಾರದ ತಕ್ಕಡಿ. ಅಂಗಡೀಲಿ ಬೆಲ್ಲ ತೂಗ್ತಾರಲ್ಲ, ಅಂಥದು ಅನ್ಕೋಬೇಡ. ಅದರ ತೊಲೆ ಈ ಊರಿಂದ ಆ ಊರಿಗೆ ಆಕಾಶದಲ್ಲಿ ಅಡ್ಡ ಮಲಗಿತ್ತು. ಸರಪಳಿಯ ಒಂದೊಂದು ಕೊಂಡಿ ಎಮ್ಮೆ ಕುತ್ತಿಗೆಯಷ್ಟು ದಪ್ಪ. ಈ ತುದೀಗೊಂದು ತಟ್ಟೆ, ಆ ತುದೀಗೊಂದು ತಟ್ಟೆ. ಒಂದೊಂದ್ರಲ್ಲೂ ಒಂದೊಂದು ಊರು ಕಾಲು ಚಾಚಿಕೊಂಡು ಕೂರ್ಬೋದು.

ಸರ್ಕಾರ ಅನ್ನೋದು ಬಲು ದೂರದಲ್ಲಿತ್ತು. ಕಣ್ಣಲ್ಲಿ ಕಂಡೋರು ಇಲ್ಲ. ಆದ್ರೆ ಅದಕ್ಕೆ ಕರುಣೆ ಐತೆ ಅಂತ ಎಲ್ರಿಗೂ ಗೊತ್ತಿತ್ತು. ಸೊರಗಿದ ಸೀಮೆಗೆ ಕೊಡ್ಬೇಕು, ಕೊಟ್ಟು ಬೆಳೆಸ್ಬೇಕು, ಬೆಳೆಸಿ ಮೇಲೆತ್ತಬೇಕು ಅಂತ ಅದಕ್ಕೆ ಆಸೆ. ಯಾವ ಸೀಮೆ ಸೊರಗೈತೆ ಅಂತ ಅಷ್ಟು ದೂರದಿಂದ ಗೊತ್ತಾಗೋದು ಹೆಂಗೆ ಹೇಳು? ತೂಗಿದ್ರೆ ಗೊತ್ತಾಗ್ತದೆ.

ಹುಣಸೆ ಹೂ ಬಿಡೋ ಕಾಲಕ್ಕೆ ತೂಗೋ ಸಾಹೇಬ ಬರೋನು. ಮುಂದೆ ತಮಟೆಯವನು, ಹಿಂದೆ ಸಾಹೇಬ, ಸಾಹೇಬನ ಹಿಂದೆ ಗಾಡಿ ಮೇಲೆ ಆ ವರ್ಷದ ಸಿರಿ. ತಮಟೆಯವನು ಗುಡ್ಡ ಹತ್ತಿ ಕೂಗೋನು:

"ಹಗುರಕ್ಕೆ ಸಿರಿ! ಭಾರಕ್ಕೆ ಬರಿ ನೆಲ!"

ಊರಲ್ಲಿ ಇರೋದೆಲ್ಲ ತಟ್ಟೆ ಹತ್ತಬೇಕು. ಮನುಷ್ಯ, ದನ, ಪಾತ್ರೆ, ಪಡಗ, ಎಲ್ಲಾ. ಊರಿನವರು ಅಂತಾದ ಮೇಲೆ ಯಾರನ್ನೂ ತಟ್ಟೆಯಿಂದ ಕೆಳಗೆ ತಳ್ಳಂಗಿಲ್ಲ. ಎರಡು ಊರೂ ಕೂತ ಮೇಲೆ ತೊಲೆ ಕಿರ್ರ್ ಅಂತಿತ್ತು. ಯಾವ ತಟ್ಟೆ ಮೇಲೆ ಹೋಯ್ತೋ ಆ ಊರಿಗೆ ಸಿರಿ. ಕೆಳಗೆ ಬಂದೋರಿಗೆ ನೆಲ. ಅದು ಹೆಂಗೂ ಅಲ್ಲೇ ಇತ್ತು.

ಒಂದು ವರ್ಷ ನಾವು ಗೆದ್ವಿ. ಗಾಣ ಕೊಟ್ರು. ಕಲ್ಲಿನ ಗಾಣ, ಆನೆಯಂಥದು. ಊರೆಲ್ಲಾ ಕುಣೀತು. ಕುಣಿದು ಸುಸ್ತಾಗಿ ಕೂತಾಗ ಯಜಮಾನ ಗಾಣ ನೋಡ್ದ, ಗಾಣದ ಸುತ್ತ ಬಂದ, ಅಲ್ಲಾಡ್ಸಿ ನೋಡ್ದ. ಅಲ್ಲಾಡ್ಲಿಲ್ಲ. ಅವನ ಮುಖ ಹುಳಿ ಮಜ್ಜಿಗೆ ಕುಡಿದಂಗಾಯ್ತು.

"ಅಲ್ರಯ್ಯಾ, ಮುಂದಿನ ವರ್ಷ ಇದೂ ತಟ್ಟೆ ಮೇಲೆ ಬರ್ಬೇಕಲ್ಲ?"

ಹೌದಲ್ಲ! ಇದನ್ನ ಇಟ್ಕೊಂಡ್ರೆ ಮುಂದಿನ ವರ್ಷ ಸೋಲ್ತೀವಿ. ಗಾಣ ತಿರುಗಿಸಿ ಎಣ್ಣೆ ತೆಗೆದ್ರೆ ಇನ್ನೂ ಸೋಲ್ತೀವಿ, ಎಣ್ಣೇನೂ ಭಾರ, ಎಣ್ಣೆ ತಿಂದೋರೂ ಭಾರ. ಏನ್ ಮಾಡೋದು? ಹಳ್ಳಕ್ಕೆ ಉರುಳಿಸಿದ್ವಿ. ಗುಡ್ಡದ ಬುಡದಲ್ಲಿ ಒಂದು ಮಡು ಐತೆ, ಅಲ್ಲಿ ನೀರು ಕರ್ರಗೆ, ತಳ ಕಾಣಲ್ಲ. ಗಾಣ ಗುಳುಂ ಅಂತ ಹೋಯ್ತು. ಮುಂದಿನ ವರ್ಷ ಆಚೆ ಊರು ಗೆದ್ದು ಅವ್ರಿಗೆ ಮಗ್ಗಗಳು ಬಂದ್ವು. ಅವ್ರೂ ಗುಳುಂ ಅನ್ನಿಸಿದ್ರು. ಸರ್ಕಾರ ಕೊಡೋದು, ಮಡು ನುಂಗೋದು. ಆ ಮಡುವಿನಷ್ಟು ಉದ್ಧಾರ ಆಗಿದ್ದು ನಮ್ಮ ಸೀಮೇಲಿ ಇನ್ನೊಂದಿಲ್ಲ ಬಿಡು.

ಹಗುರಾಗೋದು ಅಂದ್ರೆ ಸುಮ್ನೆ ಅಲ್ಲ, ಅದೂ ಒಂದು ವಿದ್ಯೆ. ತಲೆ ಬೋಳಿಸ್ಕೊಂಡ್ವಿ. ಓಲೆ ಬಿಚ್ಚಿದ್ವಿ. ತೂಕದ ಹಿಂದಿನ ದಿನದಿಂದ ನೀರೂ ಕುಡೀತಿರ್ಲಿಲ್ಲ. ಸತ್ತೋರನ್ನ ನೆನೆಸ್ಕೋಬೇಡಿ, ಎದೆ ಭಾರ ಆಗ್ತದೆ ಅಂತ ಯಜಮಾನ ಮನೆ ಮನೆಗೂ ಹೇಳ್ತಿದ್ದ. ಕೂಸು ಹುಟ್ಟಿದ್ರೆ 'ಎಷ್ಟು ಮುದ್ದಾಗೈತೆ' ಅಂತಿರ್ಲಿಲ್ಲ, 'ಎಷ್ಟು ಹಗುರಾಗೈತೆ' ಅಂತಿದ್ವಿ. ಹೊಟ್ಟೇಲಿ ಇಟ್ಕೊಂಡ ಮಾತೂ ಭಾರವೇ ಅಂತ ತೀರ್ಮಾನ ಆದಾಗ ಮಾತ್ರ ನಂಗೆ ಒಳ್ಳೇ ಕಾಲ ಬಂತು. ಯಾರ ಮನೆ ಗುಟ್ಟು ಎಲ್ಲಿ ಇಳಿಸಿದ್ರೂ ಯಾರೂ ಬೈಯೋಹಂಗಿಲ್ಲ. ಊರ ಉದ್ಧಾರಕ್ಕೆ ತಾನೆ ಮಾಡ್ತಿದ್ದಿದ್ದು? ನನ್ನಷ್ಟು ಹಗುರವಾಗಿ ತಟ್ಟೆ ಹತ್ತಿದೋಳು ಇನ್ನೊಬ್ಳಿಲ್ಲ.

ಆದ್ರೂ ಮನೇಲಿ ಒಂದೊಂದು ವಸ್ತು ಇರ್ತದೆ ನೋಡು, ಮಡುವಿಗೆ ಹಾಕೋಕೆ ಮನಸ್ಸು ಬರಲ್ಲ. ಅಜ್ಜಿ ಕಾಲದ ಹಂಡೆ, ಮದುವೇಲಿ ಕೊಟ್ಟ ಮಂಚ. ಅದಕ್ಕೂ ಜನ ದಾರಿ ಹುಡುಕಿದ್ರು. ಆಚೆ ಊರಲ್ಲಿ ನಮ್ಗೆ ಬೀಗರು, ಈಚೆ ಊರಲ್ಲಿ ಅವ್ರಿಗೆ ಬೀಗರು. ತೂಕಕ್ಕೆ ಮುಂಚೆ ಭಾರವಾದ್ದನ್ನ ಬೀಗರ ಮನೇಲಿ ಇಟ್ಟು ಬಂದ್ರೆ ಆಯ್ತಲ್ಲ? ಒಬ್ಬೊಬ್ರೂ ತನಗೊಬ್ಬನಿಗೇ ಈ ಬುದ್ಧಿ ಹೊಳೆದಿದ್ದು ಅಂತ ತಿಳ್ಕೊಂಡಿದ್ರು. ಹಳ್ಳ ದಾಟುವಾಗ ಎದುರಾಗೋರು.

"ಏನಣ್ಣ, ತಲೆ ಮೇಲೆ ಏನೋ ದೊಡ್ಡದಾಗೈತೆ?"

"ಏನಿಲ್ಲ ಕಣಕ್ಕ, ಹಂಗೇ ಗಾಳಿಗೆ ಹೊರಟೆ. ನಿನ್ನ ಸೊಂಟದ ಮೇಲೇನು?"

"ನಾನೂ ಗಾಳಿಗೇ ಕಣಣ್ಣ."

ಒಂದು ಸಲ ತೂಕದ ದಿನ ನಮ್ಮ ಯಜಮಾನ ಎದುರು ತಟ್ಟೆ ಕಡೆ ನೋಡ್ತಾನೆ, ಅವನ ಹಂಡೆ ಅಲ್ಲಿ ಫಳಫಳ ಹೊಳೀತಾ ಕೂತೈತೆ. ಆಚೆ ಊರಿನ ಯಜಮಾನ ನಮ್ಮ ಕಡೆ ನೋಡ್ತಾನೆ, ಅವನ ಮಂಚದ ಮೇಲೆ ನಮ್ಮ ಹೋತ ಮಲಗೈತೆ. ಇಬ್ರೂ ಬಾಯಿ ಬಿಡೋಹಂಗಿಲ್ಲ. ಇಬ್ರೂ ಒಬ್ರನ್ನೊಬ್ರು ನೋಡಿ ಕೈ ಮುಗಿದ್ರು. ಅವತ್ತು ಮನೆಗೆ ಬಂದ ಯಜಮಾನ ಹೊಸ ಕಟ್ಟಳೆ ಹಾಕ್ದ: "ಇನ್ಮೇಲೆ ಬೀಗರ ಸಹವಾಸ ಬೇಡ. ಭಾರವಾದ್ದು ಏನೇ ಇರ್ಲಿ, ಯಾರದ್ದೇ ಇರ್ಲಿ, ಮಡುವಿಗೆ."

ಈಗ ಸೊಸೆ ವಿಚಾರಕ್ಕೆ ಬರ್ತೀನಿ.

ಸೊಸೆ ಆಚೆ ಊರೋಳು. ಈಚೆ ಊರಿಗೆ ಕೊಟ್ಟಿದ್ರು, ನನ್ನ ಗೋಡೆ ಆ ಕಡೆ ಮನೆಗೆ. ಬರುವಾಗ ಎಲ್ಲಾ ಹೆಣ್ಣುಮಕ್ಳೂ ಏನು ತರ್ತಾರೆ? ನವಿಲುಗರಿ ತರ್ತಾರೆ, ಬೂರುಗದ ಹತ್ತಿ ತರ್ತಾರೆ, ಹಗುರವಾದ್ದು. ಇವಳು ಒರಳುಕಲ್ಲು ತಂದ್ಲು. ಅವರವ್ವ ರುಬ್ಬುತ್ತಿದ್ದ ಒರಳು, ಅವರವ್ವನ ಅವ್ವ ರುಬ್ಬುತ್ತಿದ್ದ ಒರಳು. ಕುಳಿ ನುಣ್ಣಗೆ ಮಗುವಿನ ಅಂಗೈ ಥರ. ಗಾಡಿಯಿಂದ ಅದನ್ನ ಇಳಿಸಿದಾಗ ನೆಲ ಧಡ್ ಅಂತು, ಅತ್ತೆ ಎದೆಯೂ ಧಡ್ ಅಂತು.

"ಕಲ್ಲು ತಂದವ್ಳೆ ಕಣ್ರೇ, ನನ್ನ ಸೊಸೆ ಕಲ್ಲು ತಂದವ್ಳೆ!" ಅಂತ ಬೀದಿಯೆಲ್ಲಾ ಕೇಳೋಹಂಗೆ ಬಡ್ಕೊಂಡ್ಲು.

"ಕಲ್ಲು ತಂದೀನಿ ಅತ್ತೆಮ್ಮ. ಅಕ್ಕಿ ಎಲ್ಲೈತೆ ಹೇಳಿ," ಅಂದ್ಲು ಸೊಸೆ.

ಮಾರನೇ ಬೆಳಿಗ್ಗೆ ಹುಣಸೆ ಮರದ ಕೆಳಗೆ ಒಲೆ ಹೂಡಿದ್ಲು. ಅಕ್ಕಿ ಉದ್ದು ರುಬ್ಬಿ ದೋಸೆ ಹುಯ್ದು ಮಾರೋಕೆ ಕೂತ್ಲು. ಒಂದು ದೋಸೆ ತಿಂದೋರು ಅಂಗೇ ಎದ್ದು ಹೋಗ್ತಿರ್ಲಿಲ್ಲ. ಕೂತ್ಕೊಂಡು ಮಾತಾಡೋರು, ಮಾತಾಡ್ತಾ ಹುರಿ ಹೊಸೆಯೋರು, ಬುಟ್ಟಿ ಹೆಣೆಯೋರು, ಒಬ್ರ ಬುಟ್ಟಿ ಇನ್ನೊಬ್ರು ಕೊಳ್ಳೋರು. ಮರದ ಕೆಳಗೆ ಒಂದು ಪುಟ್ಟ ಸಂತೆಯೇ ಆಗೋಯ್ತು. ಹುಡುಗರ ಕೆನ್ನೆ ತುಂಬಿಕೊಳ್ತು. ಊರು ಕಣ್ಣಿಗೆ ಕಾಣೋಹಂಗೆ ದಪ್ಪ ಆಯ್ತು. ಅದನ್ನ ನೋಡಿದ್ದೇ ಊರಿಗೆ ಹೆದರಿಕೆ ಆಯ್ತು.

"ಇವಳಿಂದ ನಾವು ಸೋಲ್ತೀವಿ," ಅಂತ ಶುರು ಮಾಡಿದ್ರು. ದೋಸೆ ಬಾಯಲ್ಲಿ ಇಟ್ಕೊಂಡೇ ಅಂತಿದ್ರು. ನುಂಗೋವರೆಗೂ ಕಾಯೋಷ್ಟು ಮರ್ಯಾದೆ ಯಾರಿಗೂ ಇರ್ಲಿಲ್ಲ.

ಹುಣಸೆ ಹೂ ಬಿಡ್ತು. ಯಜಮಾನ ಹಗ್ಗ ಹಿಡ್ಕೊಂಡು, ಆಳುಗಳನ್ನ ಕರ್ಕೊಂಡು ಮರದ ಕೆಳಗೆ ಬಂದ. ನಾನು ಅಲ್ಲೇ ಇದ್ದೆ. ಇನ್ನೆಲ್ಲಿ ಇರ್ತೀನಿ?

"ತಾಯಿ, ಕಲ್ಲು ಕೊಡು," ಅಂದ.

"ಯಾಕೆ ಯಜಮಾನ್ರೆ, ಮನೇಲಿ ರುಬ್ಬೋಕೈತಾ?"

"ಮಡುವಿಗೆ ಹಾಕ್ಬೇಕು. ಎಲ್ರೂ ಹಾಕ್ಲಿಲ್ವಾ? ನಾನು ನನ್ನ ಹಂಡೆ ಹಾಕ್ಲಿಲ್ವಾ? ಈ ಸಲ ಸಾಹೇಬ ತರ್ತಿರೋದು ಹಿಟ್ಟಿನ ಗಿರಣಿ ಅಂತೆ. ಊರಿಗೆ ಊರೇ ಉದ್ಧಾರ ಆಗ್ತದೆ."

"ಗಿರಣಿ ಬಂದ್ಮೇಲೆ ಅದನ್ನೇನ್ ಮಾಡ್ತೀರಿ?"

ಯಜಮಾನ ಆಳುಗಳ ಮುಖ ನೋಡ್ದ. ಆಳುಗಳು ಮಡುವಿನ ಕಡೆ ನೋಡಿದ್ರು.

"ಅದು ಆಮೇಲಿನ ಮಾತು," ಅಂದ ಯಜಮಾನ.

"ಯಜಮಾನ್ರೆ, ಗಾಣ ಬಂತು, ಎಣ್ಣೆ ಕಂಡ್ರಾ? ನಮ್ಮ ತೌರಿಗೆ ಮಗ್ಗ ಬಂತು, ಬಟ್ಟೆ ಕಂಡ್ವಾ? ನಿಮ್ಮೂರಲ್ಲಿ ತಿರುಗ್ತಿರೋ ಕಲ್ಲು ಇದೊಂದೇ. ಇದೂ ಹೋದ್ರೆ ನಂಗೇನೈತೆ? ನಮ್ಮವ್ವನ ಕೈ ಇದರಲ್ಲೈತೆ. ನಾಳೆ ಬೆಳಿಗ್ಗೆ ಎದ್ದು ನಾನು ಏನು ತಿರುಗಿಸ್ಲಿ, ನಿಮ್ಮ ಮೀಸೆನಾ?"

ನಾನು ನಕ್ಕುಬಿಟ್ಟೆ. ಊರ ಮುಂದೆ ನಗಬಾರ್ದಾಗಿತ್ತು, ಆದ್ರೆ ಆ ಮೀಸೆ ನೀನು ನೋಡಿಲ್ಲ. ಊರೆಲ್ಲಾ ತಲೆ ಬೋಳಿಸಿದ್ರೂ ಅವನೊಬ್ಬ ಮೀಸೆ ಉಳಿಸ್ಕೊಂಡಿದ್ದ. ಅದಕ್ಕೆ ತೂಕ ಇಲ್ಲ ಅಂತಿದ್ದ.

ಅತ್ತೆ ಓಡಿ ಬಂದ್ಲು. "ಕೊಡೇ ಮೂದೇವಿ, ಕೊಡು! ನಿನ್ನಿಂದ ಸೋತ್ರೆ ನಾನು ಬೀದೀಲಿ ಮುಖ ಎತ್ಕೊಂಡು ಓಡಾಡೋಕಾಯ್ತದಾ?"

"ಎತ್ತಬೇಡಿ ಅತ್ತೆಮ್ಮ. ಮುಖಾನೂ ಭಾರವೇ."

ಆಳುಗಳು ಹಗ್ಗ ಹಾಕೋಕೆ ಬಂದ್ರು. ಸೊಸೆ ಒರಳಿನ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು ಕೂತುಬಿಟ್ಲು. ಎತ್ತಿದ್ರೆ ಇಬ್ರನ್ನೂ ಎತ್ತಬೇಕು. ಆಳುಗಳು ಎತ್ತೋಕೆ ನೋಡಿದ್ರು, ಆಗ್ಲಿಲ್ಲ. ಹಗುರಾಗ್ಲಿ ಅಂತ ಊಟ ಬಿಟ್ಟು ಬಿಟ್ಟು ಅವ್ರ ತೋಳು ನುಗ್ಗೇಕಾಯಿ ಆಗಿದ್ವು. ಅವ್ಳ ಅದೃಷ್ಟ, ಅಷ್ಟರಲ್ಲಿ ತಮಟೆ ಸದ್ದು ಕೇಳಿಸ್ತು.

"ಹಗುರಕ್ಕೆ ಸಿರಿ! ಭಾರಕ್ಕೆ ಬರಿ ನೆಲ!"

ಎಲ್ರೂ ತಟ್ಟೆ ಕಡೆ ಓಡಿದ್ರು. ಓಡೋದು ಅಂದ್ರೆ ಹೆಜ್ಜೆ ಇಟ್ಟಂಗೂ ಇರ್ಬಾರ್ದು, ಹಂಗೆ ಓಡೋದು. ತುದಿಗಾಲಲ್ಲಿ ಹತ್ತಿದ್ವಿ. ಉಸಿರು ಒಳಗೆ ಎಳ್ಕೊಂಡು ಕೆನ್ನೆ ಉಬ್ಬಿಸಿ ಕೂತ್ವಿ. ಗಾಳಿ ತುಂಬಿದ್ರೆ ಮೇಲೆ ಹೋಗ್ತೀವಿ ಅಂತ. ಊರಿಗೆ ಊರೇ ಕಪ್ಪೆಗಳಂಗೆ. ಎದುರು ತಟ್ಟೇಲೂ ಕಪ್ಪೆಗಳೇ. ತೊಲೆ ಅಲ್ಲಾಡ್ದೆ ಅಡ್ಡ ನಿಂತಿತ್ತು.

ಆಗ ಕೇಳಿಸ್ತು ನೋಡು. ಗುಡು, ಗುಡು, ಗುಡು.

ಒರಳನ್ನ ಉರುಳಿಸ್ಕೊಂಡು ಬರ್ತಾವ್ಳೆ! ಸೊಂಟದಲ್ಲಿ ಗುಂಡುಕಲ್ಲು, ತಲೆ ಮೇಲೆ ನೆನೆಸಿದ ಅಕ್ಕಿ ಉದ್ದಿನ ಕುಕ್ಕೆ, ಬೆನ್ನಿಗೆ ಕಾವಲಿ, ಕಂಕುಳಲ್ಲಿ ಸೌದೆ. ಕೂತಿದ್ದೋರೆಲ್ಲಾ ಬುಸ್ ಅಂತ ಉಸಿರು ಬಿಟ್ರು. ಯಜಮಾನ ಕೈ ಮುಗಿದ: "ತಾಯಿ, ನಿನ್ನ ಕಾಲಿಗೆ ಬೀಳ್ತೀನಿ, ಹತ್ತಬೇಡ."

ತೂಗೋ ಸಾಹೇಬ ಗುಡ್ಡದ ಮೇಲಿಂದ ಬಗ್ಗಿ ನೋಡ್ದ. ಅವನ ಮುಖ ಅರಳ್ತು. ಪಾಪ, ಅವನೂ ಎಷ್ಟೋ ವರ್ಷದಿಂದ ಬೋಳುತಲೆ ಬಿಟ್ರೆ ಬೇರೇನನ್ನೂ ತೂಗಿರ್ಲಿಲ್ಲ. "ಊರೋಳು ತಾನೆ? ತಡೆಯಂಗಿಲ್ಲ. ಹತ್ತಮ್ಮ!" ಅಂತ ಕೂಗ್ದ.

ಸೊಸೆ ಒರಳನ್ನ ತಟ್ಟೆ ಅಂಚಿಗೆ ಒರಗಿಸಿ ಒಂದು ನೂಕು ನೂಕಿದ್ಲು.

ತಟ್ಟೆ ಧಬ್ ಅಂತ ನೆಲಕ್ಕೆ ಬಿತ್ತು. ಧೂಳೆದ್ದು ಕಣ್ಣು ಕಾಣ್ಲಿಲ್ಲ. ಧೂಳು ಇಳಿದ ಮೇಲೆ ಮೇಲೆ ನೋಡ್ತೀವಿ, ಆಚೆ ಊರು ಮೋಡದಲ್ಲಿ! ಅವ್ರ ಕಾಲು ಮಾತ್ರ ಅಂಚಲ್ಲಿ ನೇತಾಡ್ತಾ ಕಾಣ್ತಿದ್ವು. "ಗೆದ್ವೋ! ಗೆದ್ವೋ!" ಅಂತ ಅಲ್ಲಿಂದ ಸದ್ದು ಸಣ್ಣಗೆ ಬಂತು, ಸೊಳ್ಳೆ ಹಾಡಿದಂಗೆ.

ಹಿಟ್ಟಿನ ಗಿರಣೀನ ಹಗ್ಗ ಕಟ್ಟಿ ಮೇಲಕ್ಕೆಳೆದು ಅವ್ರ ತಟ್ಟೆಗಿಟ್ರು. ತಟ್ಟೆ ಒಂಚೂರು ಕೆಳಗೆ ಬಂತು, ಮೋಡದಿಂದ ಮೂಗು ಹೊರಗೆ ಹಾಕ್ತು, ಅಷ್ಟೇ. ನಮ್ಮೋರೆಲ್ಲಾ ಸೊಸೆ ಕಡೆ ತಿರುಗಿದ್ರು. ಆ ನೋಟ ನೋಡಿದ್ರೆ ಒರಳಲ್ಲಿ ಅವ್ಳನ್ನೇ ಹಾಕಿ ರುಬ್ಬೋಹಂಗಿತ್ತು.

ಅಷ್ಟರಲ್ಲಿ ಸಾಹೇಬ ಕೂಗಿ ಹೇಳ್ದ: "ಗಿರಣಿಗೆ ಪೂಜೆ ಆಗ್ಬೇಕು. ದೊಡ್ಡೋರು ಬಂದು ಕಾಯಿ ಒಡೀತಾರೆ. ಅಲ್ಲೀವರೆಗೂ ತಟ್ಟೆಯಿಂದ ಯಾರೂ ನೆಲಕ್ಕೆ ಕಾಲಿಡಂಗಿಲ್ಲ. ತೂಕ ಕೆಡ್ತದೆ."

"ದೊಡ್ಡೋರು ಯಾವಾಗ ಬರ್ತಾರೆ ಸ್ವಾಮಿ?" ಅಂದ ಯಜಮಾನ.

"ಹೊರಟವ್ರೆ."

ದೊಡ್ಡೋರು ಹೊರಟಿದ್ರು ಕಣವ್ವ. ಬಿಸಿಲು ಏರ್ತು, ಹೊರಟಿದ್ರು. ಬಿಸಿಲು ಇಳೀತು, ಹೊರಟಿದ್ರು. ಮಾರನೇ ದಿನ ಕೇಳಿದ್ರೂ ಹೊರಟಿದ್ರು. ನಮ್ಮ ಹೊಟ್ಟೇಲಿ ತೂಕದ ಹಿಂದಿನ ದಿನದಿಂದ್ಲೇ ನೀರೂ ಇರ್ಲಿಲ್ಲ. ತಟ್ಟೆ ಮೇಲೆ ಒಂದು ಕಾಳೂ ಇರ್ಲಿಲ್ಲ, ತೂಕ ಆಗ್ತದೆ ಅಂತ ಎಲ್ಲಾ ಮಡುವಿಗೆ ಸುರಿದಿದ್ವಿ. ಹಗುರವಾದ ಊರು ಹಸಿದ್ರೆ ಹೆಂಗಿರ್ತದೆ ಗೊತ್ತಾ? ಹೊಟ್ಟೆಗಳು ಒಂದಕ್ಕೊಂದು ಮಾತಾಡ್ತವೆ.

ಸೊಸೆ ಯಾರನ್ನೂ ಏನೂ ಕೇಳ್ಲಿಲ್ಲ. ಕುಕ್ಕೆ ಇಳಿಸಿದ್ಲು. ಒರಳ ಮುಂದೆ ಕಾಲು ಚಾಚಿ ಕೂತು ಗುಂಡು ತಿರುಗಿಸೋಕೆ ಶುರು ಮಾಡಿದ್ಲು. ಘರ್ರ್, ಘರ್ರ್. ಬೇರೆ ದಿನ ಆಗಿದ್ರೆ 'ಕಿವಿ ಕಿತ್ತೋಗ್ತದೆ' ಅಂತ ನಾನೇ ಗೋಡೆ ಮೇಲಿಂದ ಕೂಗ್ತಿದ್ದೆ. ಅವತ್ತು ಅದು ನಾದಸ್ವರ ಕೇಳಿದಂಗೆ ಕೇಳಿಸ್ತು. ಒಲೆ ಹೊತ್ತಿಸಿದ್ಲು. ಕಾವಲಿ ಕಾಯ್ತು. ಮೊದಲ ಸೌಟು ಹಿಟ್ಟು ಬಿದ್ದು ಚೊಯ್ ಅಂತು.

ಮೊದಲ ದೋಸೆ ತಗೊಂಡಿದ್ದು ಯಾರು ಅಂತೀಯ? ಅತ್ತೆ. ಬೆನ್ನು ತಿರುಗಿಸ್ಕೊಂಡು ತಿಂದ್ಲು, ಯಾರೂ ನೋಡ್ಬಾರ್ದು ಅಂತ. ನಾನು ನೋಡ್ದೆ. ಎರಡನೇದಕ್ಕೆ ಕೈ ನೀಡ್ದಾಗ ಸೊಸೆ ಕೊಡ್ಲಿಲ್ಲ.

"ಅತ್ತೆಮ್ಮ, ನನ್ನ ಕೈ ಸೋತೈತೆ. ಒಂದು ಹತ್ತು ಸುತ್ತು ನೀವು ತಿರುಗಿಸಿ."

"ನಾನಾ?"

"ತಿಂದೋರು ತಿರುಗಿಸ್ಬೇಕು. ಈ ತಟ್ಟೇಲಿ ಅದೊಂದೇ ಕಟ್ಟಳೆ."

ಅತ್ತೆ ನನ್ನ ಮುಖ ನೋಡಿದ್ಲು. ನಾನು ಆಕಾಶ ನೋಡ್ದೆ. ಅತ್ತೆ ಸೆರಗು ಬಿಗಿದು ಕೂತ್ಲು. ಅವ್ಳಾದ್ಮೇಲೆ ಆಳುಗಳು, ಆಳುಗಳಾದ್ಮೇಲೆ ನಾನು. ತಿಂದ್ವಿ, ತಿರುಗಿಸಿದ್ವಿ. ತಿರುಗಿಸಿದ್ವಿ, ತಿಂದ್ವಿ. ಯಜಮಾನ ಮಾತ್ರ ಬರ್ಲಿಲ್ಲ. ಮೀಸೆ ಕಚ್ಕೊಂಡು ತಟ್ಟೆ ಅಂಚಲ್ಲಿ ಕೂತು ಮೇಲಿನ ಗಿರಣೀನೇ ನೋಡ್ತಿದ್ದ.

ದೋಸೆ ವಾಸನೆಗೆ ತೂಕ ಇಲ್ಲ ನೋಡು. ಅದು ಮೇಲೆ ಹೋಯ್ತು, ಸರಪಳಿ ಹಿಡ್ಕೊಂಡು ಹೋದಂಗೆ ಹೋಯ್ತು, ಮೋಡದಲ್ಲಿದ್ದ ಆಚೆ ಊರಿನ ಮೂಗಿಗೆ ಸೇರ್ತು. ಅಲ್ಲಿ ಗಿರಣಿ ಇತ್ತು, ಬೀಸೋಕೆ ಕಾಳಿಲ್ಲ. ಸಿರಿ ಇತ್ತು, ತಿನ್ನೋಕೆ ಬರಲ್ಲ. ಸ್ವಲ್ಪ ಹೊತ್ತಿಗೆ ಮೇಲಿಂದ ಒಂದು ಮುದುಕಿ ದನಿ ಬಂತು.

"ಅದು ನನ್ನ ಒರಳಿನ ಸದ್ದಲ್ವೇನೇ?"

ಸೊಸೆ ಕೈ ನಿಂತುಹೋಯ್ತು. "ಅವ್ವಾ?"

"ಉದ್ದು ಜಾಸ್ತಿ ಹಾಕಿದ್ದೀಯ. ವಾಸನೇಲೇ ಗೊತ್ತಾಗ್ತದೆ."

"ಹಂಗಾದ್ರೆ ಬಂದು ನೀನೇ ರುಬ್ಬು, ಬಾ."

ಅವ್ಳು ಸುಮ್ನೆ ಅಂದಿದ್ದು. ಆ ಮುದುಕಿ ಬಂದೇಬಿಟ್ಲು ಕಣವ್ವ. ನೆಲಕ್ಕೆ ತಾನೆ ಕಾಲಿಡಂಗಿಲ್ಲ? ಸೀರೆ ಕಚ್ಚೆ ಹಾಕಿ ಸರಪಳಿ ಹತ್ತಿದ್ಲು, ತೊಲೆ ಮೇಲೆ ಎರಡೂ ಕೈ ಅಗಲಿಸಿ ನಡೆದು ಬಂದ್ಲು, ತೂಗೋ ಸಾಹೇಬನ ಕಾಲ ಹತ್ರ ಬಂದಾಗ "ಒಂಚೂರು ಸರೀರಿ ಸ್ವಾಮಿ" ಅಂದ್ಲು, ನಮ್ಮ ಸರಪಳಿ ಹಿಡ್ದು ಜಾರಿ ಇಳಿದ್ಲು. ಬಂದೋಳೇ ಮಗಳನ್ನ ತಬ್ಕೊಳ್ಳೋಕೂ ಮುಂಚೆ ಹಿಟ್ಟಿಗೆ ಬೆರಳು ಹಾಕಿ ನೋಡಿದ್ಲು. ಹಗುರದ ಊರೋರು ತಾನೆ, ತೊಲೆ ಮೇಲೆ ನಡೆಯೋದು ಅವ್ರಿಗೇನು ಕಷ್ಟ? ಅವ್ಳ ಹಿಂದೆ ಅವ್ಳ ಮಗ ಬಂದ. ಮಗನ ಹಿಂದೆ ಅವನ ಹೆಂಡ್ತಿ ಮಕ್ಳು. ಇರುವೆ ಸಾಲು ಬೆಲ್ಲಕ್ಕೆ ಬಂದಂಗೆ ಆಚೆ ಊರಿಗೆ ಊರೇ ತೊಲೆ ಮೇಲೆ ಸಾಲುಗಟ್ಟಿ ಬಂತು. ಒಬ್ರಿಳಿದ್ರೆ ನಮ್ಮ ತಟ್ಟೆ ನೆಲದೊಳಗೆ ಒಂಚೂರು ಇಳೀತಿತ್ತು, ಅವ್ರ ತಟ್ಟೆ ಒಂಚೂರು ಮೇಲೆ ಹೋಗ್ತಿತ್ತು.

ಸಾಲಿನ ಎದುರಿಗೆ ಒಬ್ಬ ಮಾತ್ರ ಹತ್ತಿ ಹೋಗ್ತಿದ್ದ. ನಮ್ಮ ಯಜಮಾನ.

"ಎಲ್ಲಿಗಯ್ಯಾ?" ಅಂತ ಇಳಿಯೋರು ಕೇಳಿದ್ರು.

"ಗೆದ್ದ ಊರಿಗೆ," ಅಂದ.

ಹೋಗಿ ಕೂತ. ಆ ಇಡೀ ತಟ್ಟೇಲಿ ಅವನೊಬ್ಬ, ಗಿರಣಿ ಒಂದು. ತೂಗೋ ಸಾಹೇಬ ಬಗ್ಗಿ ಈ ಕಡೆ ನೋಡ್ದ, ಆ ಕಡೆ ನೋಡ್ದ. ಹಿಂಗಾದ್ರೆ ಏನ್ ಮಾಡ್ಬೇಕು ಅಂತ ಸರ್ಕಾರ ಅವನಿಗೆ ಹೇಳಿರ್ಲಿಲ್ಲ. ತಮಟೆಯವನು ಅಭ್ಯಾಸ ಬಲಕ್ಕೆ ಕೂಗ್ದ: "ಹಗುರಕ್ಕೆ ಸಿರಿ!"

ಆಮೇಲಿಂದ ಪ್ರತಿ ವರ್ಷ ಸಿರಿಯೆಲ್ಲಾ ಖಾಲಿ ತಟ್ಟೆಗೇ. ಅದಕ್ಕಿಂತ ಹಗುರವಾದ ಊರು ಇನ್ಯಾವುದೈತೆ? ನೀರಿನ ತೊಟ್ಟಿ ಕೊಟ್ರು, ಕುಡಿಯೋರು ಒಬ್ರು. ಸಾಲುದೀಪ ಹಾಕಿದ್ರು, ಅದರ ಕೆಳಗೆ ಯಜಮಾನ ಈ ತುದಿಯಿಂದ ಆ ತುದಿಗೆ ಓಡಾಡೋನು. ಮಾರುಕಟ್ಟೆ ಕಟ್ಟಿದ್ರು, ಅವನೇ ಕೂಗಿ ಅವನೇ ಚೌಕಾಸಿ ಮಾಡೋನು. "ನಮ್ಮೂರಿಗೆ ಕಮಾನು ಬಂತು!" ಅಂತ ಮೇಲಿಂದ ಕೂಗೋನು. "ಒಳ್ಳೇದಾಯ್ತು ಯಜಮಾನ್ರೆ, ಒಳಗೆ ಬನ್ನಿ ಹೊರಗೆ ಹೋಗಿ, ಹೊತ್ತು ಹೋಗ್ತದೆ!" ಅಂತ ನಾನು ಕೆಳಗಿಂದ ಕೂಗ್ತಿದ್ದೆ.

ನಾವು ದೊಡ್ಡೋರಿಗೆ ಕಾಯ್ತಾನೇ ಇದ್ವಿ. ಕಾಯ್ತಾ ಕಾಯ್ತಾ ಒರಳ ಸುತ್ತ ಗುಡಿಸಲು ಹಾಕ್ಕೊಂಡ್ವಿ. ತಟ್ಟೆಗೆ ಗಾಳಿ ಮಣ್ಣು ತಂತು, ಮಣ್ಣಿಗೆ ನಾವು ಸೊಪ್ಪು, ಭತ್ತ, ಉದ್ದು ಹಾಕಿದ್ವಿ. ಅಂಚಿಗೆ ಹುಲ್ಲು ಬೆಳೀತು. ಪಕ್ಕದ ಹುಣಸೆ ಮರದ ಬೇರು ತಟ್ಟೇನ ಕೆಳಗಿಂದ ಅಪ್ಪಿಕೊಳ್ತು. ಕೂದಲು ಬಂತು, ಜಡೆ ಹಾಕ್ಕೊಂಡ್ವಿ. ಸತ್ತೋರನ್ನ ನೆನೆಸ್ಕೊಂಡು ಒಂದು ದಿನ ಎಲ್ರೂ ಕೂತು ಚೆನ್ನಾಗಿ ಅತ್ವಿ, ಎದೆ ಭಾರ ಆಯ್ತು, ಊಟ ರುಚಿ ಆಯ್ತು. ಹೊಸದಾಗಿ ಹುಟ್ಟಿದ ಮಕ್ಳಿಗೆ ಇದು ತಟ್ಟೆ ಅಂತ್ಲೇ ಗೊತ್ತಿಲ್ಲ. ನೆಲ ಅಂತಾವೆ.

ಹಿಂಗೇ ಇತ್ತು, ಒಂದು ದಿನ ತೊಲೆ ನರಳ್ತು.

ಮೇಲೆ ನೋಡಿದ್ರೆ ಆ ಖಾಲಿ ತಟ್ಟೆ ಬಸುರಿ ಹೊಟ್ಟೆ ಥರ ಜೋತು ಬಿದ್ದೈತೆ. ಗಿರಣಿ, ತೊಟ್ಟಿ, ಕಮಾನು, ಮಾರುಕಟ್ಟೆ, ಎಲ್ಲಾ ಹೊತ್ತು ಹೊತ್ತು ಸಾಕಾಗಿತ್ತು ಅದಕ್ಕೆ. ಅದರ ಮೇಲೆ ಅವತ್ತು ದೊಡ್ಡೋರ ಕಲ್ಲು ಬಂದಿತ್ತು. ದೊಡ್ಡೋರು ಬರ್ಲಿಲ್ಲ, ಕಲ್ಲು ಕಳಿಸಿದ್ರು. ಇಂಥೋರು ಇದನ್ನ ಕೊಟ್ರು, ಇಂಥೋರು ಜೊತೇಲಿದ್ರು, ಇಂಥೋರ ಸಮ್ಮುಖ ಅಂತ ಹೆಸರು ಕೆತ್ತಿದ ಕಲ್ಲು. ಹೆಸರು ಎಷ್ಟು ಭಾರ ಅಂತ ನಮ್ಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊಟ್ಟ ಸಿರಿಯೆಲ್ಲಾ ಸೇರಿದ್ರೂ ಆ ಕಲ್ಲಿನಷ್ಟು ತೂಕ ಇರ್ಲಿಲ್ಲ.

ನಮ್ಮ ತಟ್ಟೆ ಏಳ್ಬೇಕಿತ್ತು, ಏಳ್ಲಿಲ್ಲ. ಬೇರು ಬಿಡ್ಲಿಲ್ಲ. ಅದಕ್ಕೇ ತೊಲೆ ಬಗ್ತು. ಹಸಿ ಬಿದಿರು ಬಗ್ಗಿದಂಗೆ, ತುದಿಗೆ ತುದಿ ಸೇರೋಹಂಗೆ ಬಗ್ತಾ ಬಗ್ತಾ ಆ ತಟ್ಟೆ ಇಳೀತಾ ಇಳೀತಾ ಬಂದು ನಮ್ಮ ತಟ್ಟೆ ಪಕ್ಕದಲ್ಲೇ ಕೂತ್ಕೊಳ್ತು, ಕೋಳಿ ಕಾವಿಗೆ ಕೂತಂಗೆ, ಸದ್ದಿಲ್ದೆ. ಮಕ್ಳು ಒಂದು ನೆಗೆತ ನೆಗೆದು ಆ ಕಡೆ ಹೋದ್ವು. ಹೆಂಗಸರು ತೊಟ್ಟಿಗೆ ಕೊಡ ಹಾಕಿದ್ರು. ಸೊಸೆಯೂ ಅವರವ್ವನೂ ಗಿರಣಿ ಬಾಗಿಲು ತೆಗೆದು ಒಳಗೆ ಹೋಗಿ, ಮುಗ್ಗಲು ವಾಸನೆಗೆ ಮೂಗು ಹಿಡ್ಕೊಂಡು, ಎಲ್ಲಾದ್ರಲ್ಲೂ ಬೆರಳಾಡಿಸಿ ನೋಡ್ಕೊಂಡು ಬಂದ್ರು.

"ಹಿಟ್ಟಿಗೆ ಆಗ್ತದೆ. ದೋಸೆಗೆ ಒರಳೇ ಬೇಕು," ಅಂದ್ಲು ಮುದುಕಿ.

ಕಮಾನಿನ ಕೆಳಗಿಂದ ಯಜಮಾನ ಬಂದ. ಒಣಗಿದ ಎಲೆ ಗಾಳಿಗೆ ಬಂದಂಗೆ ಬಂದ, ಕಾಲು ನೆಲಕ್ಕೆ ತಾಕ್ತಿತ್ತೋ ಇಲ್ವೋ. ಮೀಸೆ ಮಾತ್ರ ಅಂಗೇ ಇತ್ತು. ಸೊಸೆ ಮುಂದೆ ನಿಂತು ಅಂಗೈ ಚಾಚ್ದ.

"ತಾಯಿ, ಒಂದು ದೋಸೆ."

ಸೊಸೆ ಅವನನ್ನ ನೋಡಿದ್ಲು. ಹಗ್ಗ ಹಿಡ್ಕೊಂಡು ಬಂದಿದ್ನಲ್ಲ, ಅವ್ಳು ಮರೆತಿರ್ಲಿಲ್ಲ. ನಾನೂ ಮರೆತಿರ್ಲಿಲ್ಲ, ಬಾಯಿ ತೆಗೆದೆ. ಅವ್ಳು ನಂಗೆ ಸೌಟು ತೋರಿಸಿದ್ಲು, ಮುಚ್ಕೊಂಡೆ.

"ಕೂತ್ಕೊಳಿ ಯಜಮಾನ್ರೆ," ಅಂದ್ಲು. ಅವನು ಎಲೆ ಮುಂದೆ ಕೂರೋಕೆ ಹೋದ. "ಅಲ್ಲಲ್ಲ. ಒರಳ ಮುಂದೆ."

ಕೂತ. ಗುಂಡು ಹಿಡ್ದ. ಗುಂಡು ಅಲ್ಲಾಡ್ಲಿಲ್ಲ, ಅವನೇ ಗುಂಡಿನ ಸುತ್ತ ತಿರುಗೋಹಂಗೆ ಆದ. ಆಗ ಅತ್ತೆ ಎದ್ದು ಬಂದು ಎದುರು ಕೂತು ಗುಂಡಿಗೆ ತನ್ನ ಕೈಯೂ ಹಾಕಿದ್ಲು.

"ಮೆಲ್ಲಗೆ ತಿರುಗಿಸ್ರಿ! ನಮ್ಮ ಸೊಸೆ ತೌರಿಂದ ತಂದ ಕಲ್ಲು. ಅಂತಿಂಥ ಕಲ್ಲಲ್ಲ ಇದು!"

ಕೇಳಿದ್ಯಾ ಅವ್ಳ ಮಾತು? ನಾನು ಕೇಳಿಸ್ಕೊಂಡೆ.

ತೂಗೋ ಸಾಹೇಬ ಗುಡ್ಡ ಇಳಿದು ಬಂದಿದ್ದ. ಬಗ್ಗಿಹೋದ ತೊಲೆ, ಒಂದಕ್ಕೊಂದು ಒರಗಿ ಕೂತ ಎರಡು ತಟ್ಟೆ, ಆ ಕಡೆ ಈ ಕಡೆ ಓಡಾಡ್ತಿರೋ ಜನ, ಎಲ್ಲಾ ನೋಡಿ ತಲೆ ಕೆರ್ಕೊಂಡ. "ಈಗ ಯಾವ ಊರು ಅಂತ ಕೂಗೋದಮ್ಮ?" ಅಂತ ಸೊಸೇನೇ ಕೇಳ್ದ.

"ಆಮೇಲೆ ಕೂಗೀರಂತೆ. ಬಿಸಿ ಆರೋಗ್ತದೆ, ಕೈ ತೊಳ್ಕೊಂಡು ಬನ್ನಿ."

ಸಾಹೇಬ ತೊಟ್ಟಿ ಹತ್ರ ಹೋದ. ತಮಟೆಯವನು ತಮಟೆ ಬೋರಲು ಹಾಕಿ ಅದರ ಮೇಲೆ ಎಲೆ ಇಟ್ಕೊಂಡ.

ಈಗ ಊರಿಗೆ ಒಂದು ಹೆಸರಿಡ್ಬೇಕು ಅಂತ ಮರದ ಕೆಳಗೆ ದಿನಾ ಜಗಳ ನಡೀತೈತೆ. ಆಚೆ ಈಚೆ ಅಂತ ಇನ್ನು ಕರೆಯೋಕಾಗಲ್ಲ, ಯಾವುದು ಆಚೆ ಯಾವುದು ಈಚೆ ಅಂತ ಯಾರಿಗೂ ಗೊತ್ತಾಗ್ತಿಲ್ಲ. ಅತ್ತೆ ತನ್ನ ಹೆಸರೇ ಇಡಿ ಅಂತಾಳೆ, ಅದು ಏನಿತ್ತು ಅಂತ ಅವ್ಳಿಗೇ ನೆನಪಿಲ್ಲ. ಏನಾದ್ರೂ ಇಡ್ಲಿ. ಒಂದು ಮಾತ್ರ ಎಲ್ರೂ ಒಪ್ಪವ್ರೆ, ಬಾಯಿ ತುಂಬೋಹಂಗೆ ಇರ್ಬೇಕು, ಭಾರವಾಗಿರ್ಬೇಕು, ಹೊರೋಕೆ ಇಬ್ಬರಾದ್ರೂ ಬೇಕು ಅನ್ನೋಹಂಗಿರ್ಬೇಕು.